ಪರ್ಲ್ ಬೀದಿಯ ಗೆರೆ

೧೪ ಅಕ್ಟೋಬರ್ ೨೦೨೧, ಗುರುವಾರ

ಹೊಸ ವಾರ್ಡುಗಳ ನಕ್ಷೆ ಬಂತು. ಗೆರೆ ನಮ್ಮ ಪರ್ಲ್ ಬೀದಿಯ ನಟ್ಟನಡುವೆ ಹಾದುಹೋಗಿದೆ. ಎದುರುಮನೆಯ ವರ್ಲೀನ್ ಒಂದು ವಾರ್ಡು, ನಾನು ಇನ್ನೊಂದು. ಬೀದಿಯ ಎರಡೂ ಬದಿಯ ಬಡವರು ಒಟ್ಟಿಗಿದ್ದಾಗ ನಮ್ಮವರೊಬ್ಬರನ್ನು ನಗರಸಭೆಗೆ ಕಳಿಸುತ್ತಿದ್ದೆವು; ಇನ್ನು ಎರಡೂ ಕಡೆ ಗುಡ್ಡದ ಮೇಲಿನ ಸಿರಿವಂತರದೇ ಓಟು ಹೆಚ್ಚು.

ಮಾರ್ಚಿನಲ್ಲಿ ಚರ್ಚಿನಲ್ಲಿ ನಡೆದ ಸಭೆಯಲ್ಲಿ, ಒಂದು ಕೇರಿಯವರನ್ನು ಒಂದೇ ವಾರ್ಡಿನಲ್ಲಿಡಬೇಕೆಂದು ನಕ್ಷೆ ಬರೆಯುವವನು, "ನಿಮ್ಮ ಕೇರಿ ಎಲ್ಲಿಗೆ ಮುಗಿಯುತ್ತೆ ಅಮ್ಮಾ?" ಎಂದಿದ್ದ. ಮೈಕು ಸಿಕ್ಕ ಜಂಬಕ್ಕೆ ನಾನೇ ಹೇಳಿದೆ: "ನಮ್ಮನೆ ಬಾಗಿಲಿಗೇ ಮುಗೀತು. ಎದುರುಗಡೆಯೋರೆಲ್ಲ ತಗ್ಗಿನೋರು, ಬಡಬಗ್ಗರು. ನಾವಲ್ಲಪ್ಪ."

ಸಂಜೆ ವರ್ಲೀನ್ ನಕ್ಷೆ ಹಿಡಿದು ಬಂದಳು. "ನಲವತ್ತು ವರ್ಷದಿಂದ ನೀನು ಅದನ್ನೇ ಅಂತಿದ್ದೆ. ಅವರು ಬರ್ಕೊಂಡ್ರು, ಅಷ್ಟೇ ಕಣೇ."

ನಕ್ಷೆ ಖಾಯಂ ಆಗುವ ಮುಂಚೆ ಸೋಮವಾರ ಕೊನೆಯ ಸಭೆ. ತಲೆಗೆ ಎರಡು ನಿಮಿಷ ಮಾತು. ಗೆರೆ ಸರಿಯಬೇಕಾದರೆ ನಾನೂ ತಗ್ಗಿನವಳೇ ಎಂದು ಎಲ್ಲರೆದುರು ಹೇಳಬೇಕು. ಈಗ ಕನ್ನಡಿಯ ಮುಂದೆ ಹೇಳಿ ನೋಡಿದೆ. "ನಾನೂ" ಎಂಬಲ್ಲಿಗೇ ನಿಂತು, ಕೂದಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ.