ಕೆಳಕ್ಕೆ ಒತ್ತಿದರೆ ಮೇಲಕ್ಕೆ

ಭಾನುವಾರ, ಮಧ್ಯಾಹ್ನ

ನನ್ನ ಬೋಲ್ಟೂ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಜೈಲಿನಲ್ಲಿ ಕೂತವನಿಗೆ ಅಂಥ ಪ್ರಶ್ನೆ ಕೇಳಿದರೆ ನೀನೇ ನಗುತ್ತೀಯ. ಲಕೋಟೆಗೆ ಅಂಟು ಹಚ್ಚಿ ವಕೀಲರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ನ್ಯಾಯಾಧೀಶರ ಮುಂದೆಯೂ ಭಾವನನ್ನು ನಾನೇ ಕೊಂದೆ ಎಂದು ಒಪ್ಪಿಕೊಳ್ಳುತ್ತೀಯಂತೆ. ನಿನ್ನ ತಲೆ ನೆಟ್ಟಗಿದೆಯೇನೋ? ಮೂರು ವರ್ಷದವನಿದ್ದಾಗ ಬೋಲ್ಟು ನುಂಗಿ ಎರಡು ದಿನ ಮನೆಯವರ ಜೀವ ತಿಂದು ಆ ಹೆಸರು ಸಂಪಾದಿಸಿದವನು ನೀನು. ಆಗ ಇದ್ದಷ್ಟೇ ಬುದ್ಧಿ ಈಗಲೂ ಇದೆ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು.

ನೀನು ಪೊಲೀಸರಿಗೆ ಹೇಳಿದ್ದನ್ನು ವಕೀಲರು ನನಗೆ ಓದಿ ಹೇಳಿದರು. ಎತ್ತು ಎಂದು ಭಾವ ಕೂಗಿದಾಗ ಲಿವರನ್ನು ಮೇಲಕ್ಕೆ ತಳ್ಳಿಬಿಟ್ಟಿರಬೇಕು, ಒಳಗಿದ್ದ ಸಿಟ್ಟು ಕೈಗೆ ಬಂದುಬಿಟ್ಟಿತು ಎಂದೆಯಂತೆ. ಸುಳ್ಳು. ನಿನ್ನ ಕೈ ನಾನು ನೋಡಿದ್ದೇನೆ. ನೀನು ಕೆಳಕ್ಕೇ ಒತ್ತಿದೆ.

ನೀನು ಇದನ್ನು ತೋರಿಸಿದಾಗ ವಕೀಲರಿಗೆ ಅರ್ಥವಾಗಲೆಂದು ಮೊದಲಿನಿಂದ ಬರೆಯುತ್ತೇನೆ. ನಮ್ಮ ಶೆಡ್ಡಿನ ಆ ಸಣ್ಣ ಟ್ರ್ಯಾಕ್ಟರಿಗೆ ಭಾರ ಎತ್ತುವ ಲಿಫ್ಟು ಕಟ್ಟಿದ್ದು ನೀನು ಮತ್ತು ನಿನ್ನ ಭಾವ. ಗುಜರಿಯಿಂದ ತಂದ ಟಿಪ್ಪರ್ ಲಾರಿಯ ಜಾಕು, ಯಾವುದೋ ಯಂತ್ರದ ಆಯಿಲ್ ಪಂಪು, ತೋಳಿಗೆ ಚಾನೆಲ್ ಕಬ್ಬಿಣ. ವೆಲ್ಡಿಂಗ್ ಅವನದು, ಪೈಪಿನ ಕೆಲಸ ನಿನ್ನದು. ಎರಡು ಪೈಪುಗಳನ್ನು ನೀನು ಅದಲುಬದಲು ಮಾಡಿ ಕೂರಿಸಿದೆ. ಲಿವರ್ ಮೇಲಕ್ಕೆ ಮಾಡಿದರೆ ತೋಳು ಇಳಿಯಿತು, ಕೆಳಕ್ಕೆ ಒತ್ತಿದರೆ ಎದ್ದಿತು. ನಾನು ನಕ್ಕೆ. ಅವನು ಸ್ಪ್ಯಾನರಿನಿಂದ ನಿನ್ನ ಬಾಯಿಗೆ ಬಾರಿಸಿದ. ಮುಂದಿನ ಹಲ್ಲು ಆಯಿಲಿನ ಡಬ್ಬಿಯೊಳಗೆ ಬಿತ್ತು. ಪೈಪು ಬಿಚ್ಚಿದರೆ ಆಯಿಲ್ ಎಲ್ಲ ಹೋಗುತ್ತದೆ, ಹೀಗೇ ರೂಢಿಯಾಗಲಿ ಎಂದು ಅವನು ಹಾಗೇ ಬಿಟ್ಟ. ಏಳು ತಿಂಗಳಲ್ಲಿ ನಮ್ಮ ಮೂವರಿಗೂ ರೂಢಿಯಾಯಿತು. ಎತ್ತಬೇಕೆಂದರೆ ಕೈ ತಾನಾಗಿ ಕೆಳಕ್ಕೆ ಹೋಗುತ್ತಿತ್ತು.

ಅವನು ಎಂದು ಬರೆದದ್ದಕ್ಕೆ ಮುಖ ಸಿಂಡರಿಸಬೇಡ. ಸತ್ತವರಿಗೆ ಏಕವಚನ ಬೇಡ ಎಂದು ಪಕ್ಕದ ಮನೆಯಾಕೆಯೂ ಹೇಳಿದಳು. ಹನ್ನೊಂದು ವರ್ಷ ಬಹುವಚನದಲ್ಲೇ ಒದೆ ತಿಂದಿದ್ದೇನೆ, ಸಾಕು.

ಆ ಬುಧವಾರ ನೀನು ಆಯಿಲ್ ಸೋರುತ್ತಿದ್ದ ಜಾಕಿಗೆ ಹೊಸ ಸೀಲು ತರಲು ಪೇಟೆಗೆ ಹೋಗಿದ್ದೆ. ಟ್ರ್ಯಾಕ್ಟರ್ ನೋಡಲು ಸಂಜೆ ಗಿರಾಕಿ ಬರುವವನಿದ್ದ. ತಲೆಕೆಳಗಾದ ಲಿವರ್ ಕಂಡರೆ ಆಡಿಕೊಳ್ಳುತ್ತಾನೆ ಎಂದು ಅವನು ಪೈಪುಗಳನ್ನು ಬಿಚ್ಚಿ ಸರಿಯಾಗಿ ಕೂರಿಸಿದ. ಕೆಳಗೆ ಬಾಂಡಲಿ ಹಿಡಿದವಳು ನಾನು. ಸ್ವಲ್ಪ ಆಯಿಲ್ ಚೆಲ್ಲಿತು. ಬಿಚ್ಚಿದ ಪೈಪಿನಿಂದಲೇ ಹೊಡೆದ. ಬೆನ್ನಿಗೆ ಎಷ್ಟು ಬಿತ್ತೋ ಲೆಕ್ಕವಿಲ್ಲ. ಕೊನೆಯದು ತುದಿಯ ಹಿತ್ತಾಳೆ ನಟ್ಟಿನ ಸಮೇತ ಕೆನ್ನೆಗೆ ಬಿತ್ತು. ನೆಲದ ಮೇಲೆ ರಕ್ತ ಯಾವುದು, ಆಯಿಲ್ ಯಾವುದು ಗೊತ್ತಾಗಲಿಲ್ಲ. ಎರಡನ್ನೂ ನನ್ನ ಕೈಯಿಂದಲೇ ಒರೆಸಿಸಿದ.

ಆಮೇಲೆ ರಿಪೇರಿಗೆ ಬಂದಿದ್ದ ಮುನ್ನೂರು ಕಿಲೋದ ಎಂಜಿನ್ನನ್ನು ಲಿಫ್ಟಿನ ಸರಪಳಿಗೆ ಹಾಕಿ ತಾನೇ ಎತ್ತಿ ನಿಲ್ಲಿಸಿದ. ನೀನು ಬಂದೆ. ಲಿವರ್ ಹತ್ತಿರ ನಿಲ್ಲು ಎಂದು ಹೇಳಿ ಎಂಜಿನ್ ಅಡಿಗೆ ನುಸುಳಿದ. ಮರದ ದಿಮ್ಮಿ ಇಟ್ಟುಕೊಳ್ಳಿ ಭಾವ ಎಂದು ನೀನು ಬೇಡಿಕೊಂಡೆ, ಹೇಡಿ ಎಂದು ಬೈದ. ಪೈಪು ಬದಲಿಸಿದ ವಿಷಯ ನಿನಗೆ ಹೇಳಬೇಕೆಂದು ಅವನಿಗೆ ನೆನಪಾಗಲಿಲ್ಲ. ಅಂಥ ಮನುಷ್ಯ ಅವನು.

ಸೋರುವ ಸೀಲಿನಿಂದ ತೋಳು ತಾನಾಗಿ ಇಳಿಯುತ್ತಾ ಎಂಜಿನ್ ಅವನ ಎದೆಗೆ ಬಂದು ಕೂತಿತು. ‘ಎತ್ತೋ, ಎತ್ತೋ ಮುಂಡೇದೇ’ ಎಂದು ಅರಚಿದ. ನೀನು ಕೆಳಕ್ಕೆ ಒತ್ತಿದೆ. ಪಕ್ಕೆಲುಬು ಮುರಿದ ಸದ್ದು ಬಂತು. ಸಾಲದೇನೋ ಎಂದುಕೊಂಡು ಮೈಭಾರವೆಲ್ಲ ಹಾಕಿ ಇನ್ನೂ ಒತ್ತಿದೆ. ಎಂಜಿನ್ನಿನ ಮೇಲೆ ತೋಳೂ ಬಂದು ಬಿತ್ತು. ಅವನ ಕಾಲುಗಳು ಸ್ವಲ್ಪ ಹೊತ್ತು ನೆಲ ಒದ್ದವು. ನೀನು ಅಳುತ್ತಾ ಒತ್ತುತ್ತಲೇ ಇದ್ದೆ. ನಾನು ಡೀಸೆಲಿನಲ್ಲಿ ಬೋಲ್ಟು ತೊಳೆಯುತ್ತಾ ಮೂರು ಮಾರು ದೂರದಲ್ಲಿದ್ದೆ, ನನಗೆ ಬಾಯಿಯೇ ಬರಲಿಲ್ಲ.

ಇನ್ನೊಂದು ಸಲ ಅಕ್ಕನನ್ನು ಮುಟ್ಟಿದರೆ ಇದರ ಕೆಳಗೇ ಹಾಕಿ ಅರೆಯುತ್ತೇನೆ ಎಂದು ನೀನು ಬೀದಿಯವರ ಎದುರಿಗೆ ಹೇಳಿದ್ದೆಯಲ್ಲ, ಪೊಲೀಸರು ಅದನ್ನೇ ಹಿಡಿದುಕೊಂಡಿದ್ದಾರೆ. ಆದರೆ ಕೊಲ್ಲಬೇಕೆಂದಿದ್ದರೆ ನಿನ್ನ ಕೈ ಮೇಲಕ್ಕೆ ಹೋಗುತ್ತಿತ್ತು. ನೀನು ಅವನನ್ನು ಉಳಿಸಲು ಹೋದೆ ಕಣೋ. ಟ್ರ್ಯಾಕ್ಟರ್ ಠಾಣೆಯ ಅಂಗಳದಲ್ಲಿದೆ. ಎತ್ತುವ ಪೈಪಿಗೆ ನೀನು ಕೆಂಪು ಬಟ್ಟೆ ಸುತ್ತಿದ್ದೆ, ಅದು ಈಗ ಇನ್ನೊಂದು ಬದಿಯಲ್ಲಿದೆ. ನಟ್ಟುಗಳ ಮೇಲೆ ಸ್ಪ್ಯಾನರಿನ ಹೊಸ ಗೀರುಗಳಿವೆ. ಒಬ್ಬ ಮೆಕ್ಯಾನಿಕ್ ಕರೆಸಿ ತೋರಿಸಲಿ. ನಾಳೆ ತಪ್ಪೊಪ್ಪಿಕೊಂಡೆಯೋ, ನಾನು ಅಲ್ಲೇ ಎದ್ದು ನಿಂತು ನಿನ್ನ ಕಪಾಳಕ್ಕೆ ಬಿಡುತ್ತೇನೆ.

ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಿನ್ನ ಬಿಡುಗಡೆಗೆ ಮೇಲಿನದು ಸಾಕು. ಇದನ್ನು ವಕೀಲರಿಗೆ ಕೊಡುವುದೋ ಹರಿದು ಹಾಕುವುದೋ ನಿನಗೆ ಬಿಟ್ಟಿದ್ದು. ನಿನ್ನ ಭಾವ ಮರೆತಿರಲಿಲ್ಲ. ಪೈಪು ಬಿಗಿದು ಮುಗಿಸಿದ ಮೇಲೆ, ‘ನಿನ್ ತಮ್ಮ ಬಂದ ತಕ್ಷಣ ಹೇಳು, ಇನ್ಮೇಲೆ ಮೇಲಕ್ಕಂದ್ರೆ ಮೇಲಕ್ಕೇ’ ಎಂದು ನನಗೆ ಎರಡು ಸಲ ಹೇಳಿದ್ದ. ಎಂಜಿನ್ ಅಡಿಗೆ ಹೋದ ಮೇಲೂ ಕೂಗಿ ಕೇಳಿದ, ‘ಹೇಳಿದ್ಯೇನೇ ಅವನಿಗೆ?’ ನಾನು ‘ಹ್ಞೂಂ, ಹೇಳಿದೀನಿ’ ಎಂದೆ. ನೀನು ಲಿವರ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದೆ. ನನ್ನ ಕೆನ್ನೆಯ ಗಾಯ ಕಂಡಿತು ನೋಡು, ‘ಏನು ಹೇಳಿದ್ದೀಯ’ ಎಂದು ಕೇಳುವುದನ್ನೇ ನೀನು ಮರೆತೆ.