ಅತ್ತೆಯ ಎಡ ಭುಜ

ಜುಲೈ 8, ಮಂಗಳವಾರ. ಬೆಳಿಗ್ಗೆ 6.40

ಹಾಲು ಬಂತು. ವಿಶ್ವ ಎದ್ದಿಲ್ಲ. ಅತ್ತೆ ಎಂದಿನಂತೆ ಹಜಾರದಲ್ಲಿ ಹಳೆ ಪಂಚೆ ಹಾಸಿ, ಜೋಡುನಳಿಗೆ ಬಂದೂಕನ್ನು ಬಿಚ್ಚಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಾರೆ. ಇನ್ನೂ ಯಾಕೆ ಹಚ್ಚುತ್ತೀರಿ ಎಂದು ಕೇಳಬೇಕೆನಿಸಿತು. ನಿನ್ನೆ ತಾನೇ ರಿಪೇರಿಯವರು ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, "ಒಳಗೆಲ್ಲ ತುಕ್ಕು ತಿಂದುಬುಟ್ಟಿದೆ ಅಮ್ಮ, ಇದರಲ್ಲಿ ಇನ್ನು ಹೊಡೀಬೇಡಿ" ಎಂದಿದ್ದಾರೆ. ಮಾವನ ಕಾಲದ್ದು. ಅವರು ಹೋಗಿ ಹನ್ನೊಂದು ವರ್ಷ. ಅಂದಿನಿಂದ ಜಮೀನೂ ಲೈಸೆನ್ಸೂ ಅತ್ತೆಯ ಹೆಸರಿನಲ್ಲಿವೆ.

ವಾರಕ್ಕೆ ಮೂರು ದಿನ ತಾವೇ ಓಮ್ನಿ ಓಡಿಸಿಕೊಂಡು ಹುಲ್ಲಹಳ್ಳಿ ಕಡೆಯ ಜಮೀನಿಗೆ ಹೋಗುತ್ತಾರೆ. ಜೋಳಕ್ಕೆ ಹಂದಿ ಬಂದರೆ ಗಾಳಿಯಲ್ಲಿ ಒಂದು ಈಡು ಹಾರಿಸುತ್ತಾರೆ. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಇಷ್ಟು ವರ್ಷದಲ್ಲಿ ಒಂದು ಹಂದಿಯ ಬಾಲಕ್ಕೂ ಏಟು ಬಿದ್ದಿಲ್ಲ.

ತಿಂಡಿಯ ನಂತರ ಸೇರಿಸಿದ್ದು: ಅತ್ತೆಗೂ ವಿಶ್ವನಿಗೂ ತಾಯಿ ಮಗನ ಚರ್ಚೆ.

"ಅಮ್ಮ, ಪಟಾಕಿ ಹೊಡೆಸಿದರೆ ಸಾಲದಾ?"

"ಪಟಾಕಿಗೆ ಗುರಿ ಇರಲ್ಲ ಕಣೋ."

"ಗಾಳಿಗೆ ಹೊಡೆಯೋದಕ್ಕೆ ಗುರಿ ಯಾಕೆ?"

"ಹಂದಿಗೆ ತಗುಲದ ಹಾಗೆ ಹೊಡೆಯಕ್ಕೇ ಗುರಿ ಬೇಕಾಗೋದು. ನಿನಗೆ ಗೊತ್ತಾಗಲ್ಲ, ಉಪ್ಪಿಟ್ಟು ತಿನ್ನು."

ಶನಿವಾರ ಬೇರೆ ಬಂದೂಕು ನೋಡಲು ಅಂಗಡಿಗೆ ಹೋಗಬೇಕಂತೆ. ಜೊತೆಗೆ ನಾನು. ಮಗ ಬೇಡವಂತೆ.

ಜುಲೈ 12, ಶನಿವಾರ. ಸಂಜೆ

ಕಣ್ಣಿನ ಕ್ಲಿನಿಕ್ಕನ್ನು ಮಧ್ಯಾಹ್ನಕ್ಕೇ ಮುಚ್ಚಿದೆ. ಸರಸ್ವತಿಪುರಂನ ಟ್ಯುಟೋರಿಯಲ್ ಮಕ್ಕಳು ಇಬ್ಬರು ಕನ್ನಡಕಕ್ಕೆ ಬಂದಿದ್ದರು, ಸೋಮವಾರ ಬನ್ನಿ ಎಂದೆ.

ಬಂದೂಕಿನ ಅಂಗಡಿಯ ರುದ್ರಸ್ವಾಮಿಯವರಿಗೆ ಅತ್ತೆ ಎಂದರೆ ಬಹಳ ಗೌರವ. ಮದುವೆಗೆ ಮುಂಚೆ ಅತ್ತೆ ರೈಫಲ್ ಕ್ಲಬ್ಬಿನಲ್ಲಿ ಕಪ್ ಗೆದ್ದವರು, ಅದನ್ನು ಕಂಡವರಲ್ಲಿ ಉಳಿದವರು ಇವರೊಬ್ಬರೇ. ಅತ್ತೆ ಬೇಡಿಕೆ ಇಟ್ಟರು. ಹಗುರ ಇರಬೇಕು. ಗಿಡ್ಡ ಇರಬೇಕು. ಜಮೀನಿಗೆ ಸದ್ದು ಬೇಕು, ಕ್ಲಬ್ಬಿನಲ್ಲಿ ಕಾಗದಕ್ಕೆ ಹೊಡೆಯಲು ಸಣ್ಣ ಗುಂಡೂ ಬೇಕು. ಎರಡು ಬಂದೂಕು ಹೊರುವ ವಯಸ್ಸಲ್ಲ.

ರುದ್ರಸ್ವಾಮಿ ಮೂರು ತೆಗೆದಿಟ್ಟರು. ಒಂದು ಹೊಸ ಜೋಡುನಳಿಗೆ. ಒಂದು ಒಂಟಿನಳಿಗೆ. ಮೂರನೆಯದು ಯಾವುದೋ ಕಾಫಿ ಎಸ್ಟೇಟಿನವರು ಮಾರಲು ಬಿಟ್ಟದ್ದು. ಮೇಲೆ ಸಣ್ಣ ರೈಫಲ್ ನಳಿಗೆ, ಕೆಳಗೆ ಸೀಸದ ಚರೆ ಹೊಡೆಯುವ ದೊಡ್ಡ ನಳಿಗೆ. ಮಧ್ಯಕ್ಕೆ ಮಡಚಿದರೆ ನನ್ನ ಲ್ಯಾಪ್‌ಟಾಪ್ ಬ್ಯಾಗಿನಷ್ಟು. ಮುದ್ದಾಗಿದೆ ಎಂದು ಅನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಕಾಂಬಿನೇಶನ್ ಗನ್ನು ಅಂತಾರೆ. ಒಂದೇ ಬಂದೂಕು, ಎರಡು ಬುದ್ಧಿ" ಎಂದರು ರುದ್ರಸ್ವಾಮಿ. "ಆದರೆ ಮೇಲಿನ ನಳಿಗೆ ಜಮೀನಲ್ಲಿ ಮುಟ್ಟಬೇಡಿ ಅಮ್ಮ. ಗುಂಡು ಪಕ್ಕದ ಊರಿಗೆ ಹೋಗಿ ಬೀಳುತ್ತೆ."

"ನನಗೆ ಪಾಠ ಹೇಳ್ತೀಯಲ್ಲಪ್ಪ" ಎಂದರು ಅತ್ತೆ.

ಆಮೇಲೆ ಆದದ್ದನ್ನು ಸರಿಯಾಗಿ ಬರೆದಿಡಬೇಕು. ಅತ್ತೆ ಜೋಡುನಳಿಗೆ ಎತ್ತಿ ಭುಜಕ್ಕೆ ಕೊಟ್ಟರು. ಎಡ ಭುಜಕ್ಕೆ. ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ನೋಡಿದರು. "ಇದು ಆಗಲ್ಲ" ಎಂದು ಕೆಳಗಿಟ್ಟರು. ಒಂಟಿನಳಿಗೆಯನ್ನೂ ಹಾಗೆಯೇ. ಆ ಮಡಚುವ ಬಂದೂಕನ್ನೂ ಎಡಕ್ಕೇ ಕೊಟ್ಟು, ತೆಗೆದು, ಮುಚ್ಚಿ, ಮತ್ತೆ ತೆಗೆದು... ತುಂಬ ಹೊತ್ತು.

ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಅವರು ಬಲ ಭುಜದವರು.

ಬಲಗಣ್ಣು ಹೋಗಿದೆ. ನನ್ನ ಮನೆಯಲ್ಲೇ, ನನಗೆ ಗೊತ್ತಾಗದೆ.

ಜುಲೈ 13, ಭಾನುವಾರ

ದಿನಕ್ಕೆ ಹದಿನೈದು ಜನರ ಕಣ್ಣು ನೋಡುವವಳು. ಎದುರು ಕೂತು ಊಟ ಮಾಡುವವರ ಕಣ್ಣು ನೋಡಲಿಲ್ಲ. ಅವರು ಬಚ್ಚಿಟ್ಟರೋ, ನಾನು ನೋಡಲಿಲ್ಲವೋ?

ಇವತ್ತು ಸಣ್ಣ ಪರೀಕ್ಷೆಗಳು. ಸೂಜಿಗೆ ದಾರ ಪೋಣಿಸಿ ಕೊಡಿ ಎಂದೆ. ಒಂದೇ ಸಲಕ್ಕೆ ಪೋಣಿಸಿದರು. ಅದೇನೂ ಸಾಕ್ಷಿಯಲ್ಲ, ಒಳ್ಳೆಯ ಕಣ್ಣು ಒಂದಿದ್ದರೂ ಸಾಕು. ಬಲಗಡೆಯಿಂದ ಸದ್ದಿಲ್ಲದೆ ಬಾಳೆಹಣ್ಣು ಚಾಚಿದೆ. ತಿರುಗದೆಯೇ ತೆಗೆದುಕೊಂಡು, "ಏನೇ ಇದು, ಬೆಳಿಗ್ಗೆಯಿಂದ ನನ್ನ ಸುತ್ತ ಸುತ್ತುತಿದ್ದೀಯ? ಏನಾದ್ರೂ ಬೇಕಾ?" ಎಂದರು.

ಏನಿಲ್ಲ ಅತ್ತೆ, ಎಂದೆ. ಇದೂ ಸಾಕ್ಷಿಯಲ್ಲ, ನಡುವಿನ ನೋಟ ಹೋದರೂ ಅಂಚಿನದು ಉಳಿದಿರಬಹುದು.

ಜುಲೈ 16, ಬುಧವಾರ

ವಿಶ್ವನಿಗೆ ಅತ್ತೆಯ ಕಣ್ಣಿನ ವಿಷಯ ಹೇಳಿದೆ. ಪೇಪರ್ ಕೆಳಗಿಟ್ಟರು.

"ಕಾರು?"

"ಅದನ್ನೇ ಯೋಚನೆ ಮಾಡ್ತಿರೋದು ನಾನೂ."

"ಡ್ರೈವಿಂಗ್ ಲೈಸೆನ್ಸ್ ರಿನ್ಯೂವಲ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಲ್ವಾ? ಅಲ್ಲೇ ತಾನಾಗಿ ಗೊತ್ತಾಗುತ್ತೆ ಬಿಡು."

"ಯಾರೋ ಡಾಕ್ಟರ ಎದುರು ಗೊತ್ತಾಗಬೇಕಾ ಅವರಿಗೆ? ನೀವು ಮಗ. ನೀವು ಹೇಳಿ."

"ನೀನು ಕಣ್ಣಿನವಳು. ನೀನು ಹೇಳು."

ಅಲ್ಲಿಗೆ ನಿಂತಿತು. ಕಣ್ಣಿನ ಪೊರೆಯಾದರೆ ಭಯವಿಲ್ಲ, ಆಪರೇಷನ್ ಮಾಡಿಸಬಹುದು. ಅದಲ್ಲದಿದ್ದರೆ... ಬಂದೂಕು ಹೋಗುತ್ತದೆ, ಓಮ್ನಿ ಹೋಗುತ್ತದೆ, ಜಮೀನಿಗೆ ಒಬ್ಬರೇ ಹೋಗುವುದು ಹೋಗುತ್ತದೆ. ಟಿವಿ ಮುಂದೆ ಕೂತ ಅತ್ತೆಯನ್ನು ಕಲ್ಪಿಸಿಕೊಳ್ಳಲು ಯತ್ನಿಸಿದೆ. ಆಗಲಿಲ್ಲ.

ಜುಲೈ 27, ಭಾನುವಾರ. ಮಧ್ಯಾಹ್ನ

ಹನ್ನೊಂದು ದಿನ ಬರೆದಿಲ್ಲ. ಬರೆಯಲು ಇದ್ದದ್ದು ಒಂದೇ: ಇವತ್ತೂ ಹೇಳಲಿಲ್ಲ.

ಇವತ್ತು ಹೇಳಿದೆ. ಅಂದರೆ, ಸುಳ್ಳು ಹೇಳಿದೆ. ಕ್ಲಿನಿಕ್ಕಿಗೆ ಹೊಸ ಮೆಷಿನ್ ಬಂದಿದೆ, ನಿಮ್ಮ ಮೇಲೆ ಪ್ರಯೋಗ ಮಾಡಬೇಕು ಅಂತ. ಖುಷಿಯಾಗಿ ಬಂದರು, ರೇಷ್ಮೆ ಸೀರೆ ಉಟ್ಟು.

ಎಡಗಣ್ಣು ಮುಚ್ಚಿಸಿದೆ. ಬಲಗಣ್ಣಲ್ಲಿ ಓದಿ ಎಂದೆ. ಕೊನೆಯ ಸಾಲಿನವರೆಗೆ, ದೇವಸ್ಥಾನದಲ್ಲಿ ವಚನ ಹೇಳುವ ಧಾಟಿಯಲ್ಲಿ, ಒಂದೂ ತಪ್ಪಿಲ್ಲದೆ ಓದಿದರು. ಚಾರ್ಟ್ ಬದಲಿಸಿದೆ. ಮತ್ತೆ ಓದಿದರು. ಒಳಗೆಲ್ಲ ನೋಡಿದೆ. ಎಳೆ ಪೊರೆ, ಆ ವಯಸ್ಸಿಗೆ ಇರಬೇಕಾದಷ್ಟೇ. ಬಲಗಣ್ಣು ಎಡಗಣ್ಣಿಗಿಂತ ಚೆನ್ನಾಗಿದೆ.

ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

"ಮತ್ತೆ ಅವತ್ತು ಅಂಗಡಿಯಲ್ಲಿ ಎಡ ಭುಜಕ್ಕೆ ಯಾಕೆ ಕೊಟ್ಟಿರಿ ಅತ್ತೆ?"

ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು.

"ನೀನು ಎಡಚಿ ಅಲ್ವೇನೆ?"

ಆಮೇಲೆ ನಿಧಾನಕ್ಕೆ ಬಿಚ್ಚಿಟ್ಟರು. ಮುಂದಿನ ತಿಂಗಳು ಎಪ್ಪತ್ತು ತುಂಬುತ್ತದೆ. ಎಪ್ಪತ್ತಾದರೆ ಲೈಸೆನ್ಸನ್ನು ವಾರಸುದಾರರಿಗೆ ಬಿಟ್ಟುಕೊಡಲು ಅರ್ಜಿ ಹಾಕಬಹುದಂತೆ, ಸೊಸೆಗೂ ಆಗುತ್ತದಂತೆ. ರುದ್ರಸ್ವಾಮಿಯ ಹತ್ತಿರ ಎಲ್ಲ ಕೇಳಿಯಾಗಿದೆ. ಬಂದೂಕು ಆರಿಸಿದ್ದೇ ನನಗೆ. ಜೋಡುನಳಿಗೆಯ ಹಿಡಿ ಬಲಗೈಯವರಿಗೆ ಬಾಗಿದೆ, ಅದನ್ನು ತೆರೆಯುವ ಚಿಲಕ ಬಲ ಹೆಬ್ಬೆರಳಿಗೆ ಮಾಡಿದ್ದು. ಒಂಟಿನಳಿಗೆಯೂ ಅಷ್ಟೇ. ಮಡಚುವುದರ ಚಿಲಕ ಕೆಳಗೆ, ನಟ್ಟನಡುವೆ. ಯಾವ ಕೈಗಾದರೂ ಸೈ.

"ಕೈ ಎಡ ಸರಿ. ಎಡಗಣ್ಣಲ್ಲೇ ಗುರಿ ನೋಡ್ತೀನಿ ಅಂತ ಹೇಗೆ ಗೊತ್ತು ನಿಮಗೆ?"

"ಬೆಲ್ ಆದಾಗ ಬಾಗಿಲ ಕಿಂಡೀಲಿ ಯಾವ ಕಣ್ಣಲ್ಲಿ ನೋಡ್ತೀಯ? ಇಪ್ಪತ್ತೆರಡು ವರ್ಷದಿಂದ ಎಡಗಣ್ಣೇ. ನೀನೊಬ್ಬಳೇನಾ ಕಣ್ಣು ನೋಡೋದು?"

ಕಾಲೇಜಿನಲ್ಲಿ ನಾವು ಒಬ್ಬರಿಗೊಬ್ಬರು, ಯಾವ ಕಣ್ಣು ಮುಂದಾಗುತ್ತದೆ ಎನ್ನುವ ಈ ಪರೀಕ್ಷೆ ಮಾಡಿಕೊಂಡಿದ್ದೆವು. ನನ್ನದು ಏನು ಬಂದಿತ್ತೆಂದು ನೆನಪೇ ಇರಲಿಲ್ಲ.

ಬಲಗಣ್ಣು ಹೋಗಿದೆ ಅಂದುಕೊಂಡಿದ್ದೆ ಎಂದು ಒಪ್ಪಿಕೊಂಡೆ. ಕನ್ನಡಕ ಒದ್ದೆಯಾಗುವಷ್ಟು ನಕ್ಕರು. "ಅದಕ್ಕಾ ಬಾಳೆಹಣ್ಣು?"

ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಎಡಗೈಲಿ ಬಡಿಸಬೇಡ ಅಂತ ನಿನ್ನ ಕೈ ತಡೆದವಳು ನಾನೇ. ನೀನು ಬಂದ ಮೊದಲ ವಾರ. ನೆನಪಿದೆಯಾ?"

ನೆನಪಿದೆ. ಇಲ್ಲ ಎಂದೆ.

"ನಿಮ್ಮ ಮಗನಿಗೆ ಕೊಡಬಹುದಲ್ಲ ಅತ್ತೆ."

"ಅವನಾ? ದೀಪಾವಳಿಗೆ ಬಾಗಿಲು ಹಾಕ್ಕೊಂಡು ಕೂರೋನು. ಲಾಕರಿನಲ್ಲಿಟ್ಟು ಮರೆತುಬುಡ್ತಾನೆ. ಬೇಡ ಅನಿಸಿದರೆ ಬೇಡ ಅನ್ನು, ಬೇಜಾರಿಲ್ಲ. ಆದರೆ ಒಂದ್ಸಲ ಹೊಡೆದು ನೋಡಿ ಆಮೇಲೆ ಹೇಳು."

ಆಗಸ್ಟ್ 2, ಶನಿವಾರ

ರೇಂಜಿಗೆ ಹೋದೆವು. ಕ್ಲಬ್ಬಿನ ರೈಫಲ್. ಗುಂಡು ಬದಲಿಸಿದಾಗಲೆಲ್ಲ ಎಳೆಯುವ ಬೋಲ್ಟು ಬಲಗಡೆ, ನಾನು ಪ್ರತಿ ಸಲವೂ ಕೈ ದಾಟಿಸಿ ಒದ್ದಾಡಬೇಕು. ಅತ್ತೆ ನೋಡಿದೆಯಾ ಎನ್ನುವ ಹಾಗೆ ಹುಬ್ಬು ಮಾತ್ರ ಎತ್ತಿದರು.

"ಉಸಿರು ಅರ್ಧ ಬಿಡು. ಉಳಿದರ್ಧ ಹಿಡ್ಕೋ. ಬೆರಳು ಅವಸರ ಮಾಡಬಾರದು, ಹಾಲು ಉಕ್ಕೋದನ್ನ ಕಾಯೋ ಹಾಗೆ."

ಐದು ಗುಂಡು. ಮೂರು ಕಾಗದಕ್ಕೆ ತಗುಲಿದವು, ಅದರಲ್ಲಿ ಒಂದು ಕಪ್ಪು ವೃತ್ತದೊಳಗೆ. ಉಳಿದೆರಡು ಎಲ್ಲಿ ಹೋದವೋ. ಅತ್ತೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ವಿಭೂತಿ ಇಡುವ ಪುಟ್ಟ ಚೀಲಕ್ಕೆ ಸೇರಿಸಿದರು.

ನನಗೆ ಇಷ್ಟವಾಯಿತು. ಇದನ್ನು ಬರೆಯಲು ಅರ್ಧ ಗಂಟೆ ತೆಗೆದುಕೊಂಡೆ. ಹಲ್ಲಿಯನ್ನೂ ಪೊರಕೆಯಿಂದ ಹೊಡೆಯದವಳಿಗೆ ಇದು ಯಾಕೆ ಇಷ್ಟವಾಗಬೇಕು? ಸದ್ದೇ? ಆ ಅರ್ಧ ಉಸಿರಿನ ಮೌನವೇ? ಅಥವಾ ನನ್ನ ಎಡಗೈ ಮಾಡಿದ ಕೆಲಸವನ್ನು ಒಬ್ಬರು ಹೆಮ್ಮೆಯಿಂದ ನೋಡಿದರು ಎಂದೇ? ಮೂರನೆಯದೇ ಇರಬೇಕು. ಆದರೆ ಬಂದೂಕು ಇಟ್ಟುಕೊಳ್ಳಲು ಅದು ಸಾಕಾದ ಕಾರಣವೇ?

ಆಗಸ್ಟ್ 9, ಶನಿವಾರ

ಜಮೀನಿಗೆ ಜೊತೆಯಲ್ಲಿ ಹೋಗಿದ್ದೆ. ಬಂದೂಕಿಲ್ಲದೆ ತಿಂಗಳಾಯಿತು, ಹಂದಿಗಳಿಗೂ ಸುದ್ದಿ ಮುಟ್ಟಿದೆ. ಅಂಚಿನ ಎರಡು ಸಾಲು ಜೋಳ ನೆಲಕಚ್ಚಿದೆ. ನೋಡಿಕೊಳ್ಳುವ ಸಿದ್ದಪ್ಪಾಜಿ ರಾತ್ರಿಯೆಲ್ಲ ತಗಡು ಬಡಿಯುತ್ತಾನಂತೆ.

"ತಗಡು ಬಡುದ್ರೆ ಅವು ತಾಳ ಅನ್ಕತವೆ ಕಣವ್ವ. ದೊಡ್ಡವ್ವಾರ ಈಡೇ ಬೇಕು. ನೀವೂ ಕಲೀತಿದ್ದೀರಂತೆ?"

ಇವನಿಗೆ ಯಾರು ಹೇಳಿದರು? ಅತ್ತೆ ಬೇಲಿ ನೋಡುತ್ತ ನಿಂತಿದ್ದರು. ಬಹಳ ಗಮನವಿಟ್ಟು.

ಆಗಸ್ಟ್ 17, ಭಾನುವಾರ. ಮಧ್ಯಾಹ್ನ 3

ಗುರುವಾರ ಅತ್ತೆಗೆ ಎಪ್ಪತ್ತಾಯಿತು. ಊಟ ಇವತ್ತಿಗೆ ಇಟ್ಟುಕೊಂಡೆವು. ಒಬ್ಬಟ್ಟು. ತುಪ್ಪದ ಬಟ್ಟಲು ಬಲಗೈಯಲ್ಲಿತ್ತು, ಒಬ್ಬಟ್ಟು ಎಡಗೈಯಲ್ಲಿ ಎತ್ತಿಬಿಟ್ಟೆ. ಬೇಕೆಂದು ಅಲ್ಲ. ತಟ್ಟೆಯ ಮೇಲೆ ಕೈ ಹಾಗೇ ನಿಂತಿತು. ವಿಶ್ವ ತಾಯಿಯ ಮುಖ ನೋಡಿದರು.

ಅತ್ತೆ ತಟ್ಟೆಯನ್ನು ಎರಡು ಬೆರಳಿನಷ್ಟು ಮುಂದಕ್ಕೆ ತಳ್ಳಿದರು. "ಹಾಕು. ಇನ್ನೊಂದೂ ಹಾಕು."

ಅರ್ಜಿ ನನ್ನ ಮುಂದಿದೆ. ವಾರಸುದಾರರ ಹೆಸರು, ಸಹಿ. ಮಡಚುವ ಬಂದೂಕನ್ನು ರುದ್ರಸ್ವಾಮಿ ಬೇರೆಯವರಿಗೆ ತೋರಿಸದೆ ಎತ್ತಿಟ್ಟಿದ್ದಾರೆ. 'ಯಾವ ಉದ್ದೇಶಕ್ಕೆ' ಎಂಬಲ್ಲಿ ಅತ್ತೆ ಆಗಲೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ: ಬೆಳೆ ರಕ್ಷಣೆ. ಅದರ ಪಕ್ಕ ಜಾಗ ಇನ್ನೂ ಇದೆ. ನನ್ನ ಕಾರಣ ಆ ಜಾಗದಲ್ಲಿ ಹಿಡಿಸುವುದಿಲ್ಲ, ಹಿಡಿಸಿದರೂ ಕಚೇರಿಯವರಿಗೆ ಅರ್ಥವಾಗುವುದಿಲ್ಲ. ಪೆನ್ಸಿಲ್ ಬರಹದ ಮೇಲೆ ಪೆನ್ನಿನಲ್ಲಿ ತಿದ್ದಿದೆ. ಸಹಿಯನ್ನೂ ಮಾಡಿದೆ. ಇನ್ನೂ ಒಣಗಿಲ್ಲ, ಎಡಗೈ ಉಜ್ಜಿ 'ಸುಷ್ಮಾ'ದ ದೀರ್ಘ ಸ್ವಲ್ಪ ಕದಡಿದೆ.

ಬೆಲ್ ಆಗುತ್ತಿದೆ. ರುದ್ರಸ್ವಾಮಿ ಇರಬೇಕು, ಅತ್ತೆ ಒಬ್ಬಟ್ಟು ತಿನ್ನಲು ಕರೆದಿದ್ದರು. ಕಿಂಡಿಯಲ್ಲಿ ನೋಡಿ ಬರುತ್ತೇನೆ. ಈ ಸಲ ಬಲಗಣ್ಣಲ್ಲಿ ನೋಡೋಣ, ಏನಾಗುತ್ತದೆ ಅಂತ ಸುಮ್ಮನೆ—