ಕಲಿಯುವವರ ಕ್ಯಾಮೆರಾ

ತಮ್ಮಾ ಮಾಲತೇಶ,

ಕ್ಯಾಮೆರಾ ತರಲು ಹುಬ್ಬಳ್ಳಿಗೆ ಹೊರಟೆ. ಊಟವಾದ ಮೇಲೆ ಅಪ್ಪನಿಗೆ ಕೈನಡುಕದ ಮಾತ್ರೆ ಕೊಡು, ನಿನ್ನೆಯ ಹಾಗೆ ಮರೆಯಬೇಡ. ನೀರನ್ನು ಅರ್ಧ ಲೋಟವಷ್ಟೇ ತುಂಬಿಸು.

ಅಪ್ಪನಿಗೆಂದು ನೀನು ಹೇಳಿದ ದೊಡ್ಡ ಮಾಡೆಲ್ ಬೇಡ. ಮೊನ್ನೆ ಅಂಗಡಿಯಲ್ಲಿ ಅದನ್ನು ಕಣ್ಣಿಗೆ ಹಿಡಿದ, ಬಟನ್ ಮೇಲೆ ಬೆರಳು ನಿಲ್ಲಲೇ ಇಲ್ಲ. ಊರಿನ ಮದುವೆಗಳ ಫೋಟೋ ಎಲ್ಲ ತೆಗೆದ ಕೈ ಅದು. ಕಲಿಯುವವರ ಸಣ್ಣ ಡಿಎಸ್‌ಎಲ್‌ಆರ್ ಕೊಟ್ಟೆ, ಅದೂ ಆಗಲಿಲ್ಲ. ಮೆಲ್ಲಗೆ ನನ್ನ ಕೊರಳಿಗೆ ಹಾಕಿ, "ಇದನ್ನ ನೀ ತಗೋ ಮೇಘಾ, ಹಗುರ ಐತಿ. ಅತ್ತಿವೇರಿಗೆ ಹೋಗೂಣು. ಹಕ್ಕಿ ಎಲ್ಲಿ ಕೂತೈತಿ ನಾ ತೋರಸ್ತೇನಿ, ನೀ ಫೋಟೋ ಹೊಡಿ" ಅಂದ.

ತನ್ನ ಹಳೆಯ ಕ್ಯಾಮೆರಾವನ್ನು ಇವತ್ತೇ ಮಾರಲು ನಿನಗೆ ಹೇಳುತ್ತಾನೆ. ಮಾರಬೇಡ. ಕೇಳಿದರೆ, ಗಿರಾಕಿ ಸಿಗಲಿಲ್ಲ ಅನ್ನು.

ಮೇಘಾ